ಉಗುರಿನ ಮಣ್ಣು

ಅಕ್ಕಾ,

ಹಳೆಯ ಹುಡುಗರ ಕೂಟಕ್ಕೆ ಬಂದವನು ಹಾರ್ಕಂಬ್ ಶಾಲೆಯಿಂದಲೇ ಬರೆಯುತ್ತಿದ್ದೇನೆ. ಊಟದ ಕೋಣೆಯ ಓಕ್ ಹಲಗೆಯಲ್ಲಿ, ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳ ಸಾಲಿಗೆ ಈಗ ನಿನ್ನ ತಮ್ಮನೂ ಸೇರಿದ್ದಾನೆ. ಬಿಷಪ್, ನ್ಯಾಯಾಧೀಶ, ಜನರಲ್, ಅವರ ಕೆಳಗೆ ಬಂಗಾರದ ಬಣ್ಣದಲ್ಲಿ ‘ಕ್ರಿಸ್ಪಿನ್ ಥಾರ್ನ್, ಕುಂಬಾರ’.

ಆದರೆ ಎಂಥ ದೊಡ್ಡವರಾದರೂ ಇಲ್ಲಿ ಉಗುರು ತೋರಿಸದೆ ಊಟಕ್ಕೆ ಕೂರುವಂತಿಲ್ಲ. ಆಗ ಹಾಸ್ಟೆಲ್‌ನಲ್ಲಿ ನಮ್ಮನ್ನೆಲ್ಲ ನೋಡಿಕೊಳ್ಳುತ್ತಿದ್ದ ಮೇಟ್ರನ್ ಮಿಸ್ ಪೆಟ್ಟಿಫರ್‌ಗೆ ತೊಂಬತ್ತು ದಾಟಿದೆ, ಕಣ್ಣು ಮಾತ್ರ ಹಾಗೇ ಇದೆ. ಎಲ್ಲರೂ ಕೈ ಚಾಚಿ ನಿಂತೆವು. ಜನರಲ್ ಬೆರಳಿನ ತಂಬಾಕಿನ ಕಲೆ ನೋಡಿ, “ಹೋಗಿ ತೊಳ್ಕೊಂಡ್ ಬಾರೋ ಲೋವೆಲ್, ಈ ವಯಸ್ಸಲ್ಲೂ ಹೇಳ್ಬೇಕಾ ನಿಂಗೆ?” ಎಂದರು. ಜನರಲ್ ನಲ್ಲಿಯ ಕಡೆ ನಡೆದ.

ನನ್ನ ಉಗುರಲ್ಲಿ ಬೆಳಗಿನ ಜೇಡಿಮಣ್ಣು ಹಾಗೇ ಇತ್ತು. ಇದೇ ಮಣ್ಣಿಗಾಗಿ ಆಗೆಲ್ಲ ನನ್ನನ್ನು ಊಟದಿಂದ ಎಬ್ಬಿಸಿ ಕಳಿಸುತ್ತಿದ್ದವರು ಅವರೇ. ಈಗ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಇಡೀ ಕೋಣೆಗೆ ಕೇಳುವಂತೆ, “ಇರ್ಲಿ ಬಿಡು. ಈ ಮಣ್ಣೇ ತಾನೇ ನಿನ್ನನ್ನ ಆ ಹಲಗೆ ಹತ್ಸಿದ್ದು? ಕೂತ್ಕೋ, ಮಾಂಸ ಆರ್ತಾ ಇದೆ” ಎಂದರು.

ನನ್ನ ಮೊಣಕಾಲು ನೋವು ಈಗ ಕಡಿಮೆ. ವಾಪಸ್ ಹೋಗುವ ಬಸ್ಸು ಬಂತು, ಮುಗಿಸುತ್ತೇನೆ. ರಜೆ ಮುಗಿದಾಗಲೆಲ್ಲ ನೀನು ನನ್ನ ಉಗುರು ಉಜ್ಜುತ್ತಿದ್ದೆಯಲ್ಲ, ಆ ಬ್ರಷ್ ಇನ್ನೂ ಇದ್ದರೆ ಒಲೆಗೆ ಹಾಕು.

ಕ್ರಿಸ್ಪಿನ್