ಮುಂಬಯಿ ನೋಡಿದ್ದಾಯ್ತು

ಕೋರ್ಲೆವಾಡಿ, ತಾ. ದೇವಗಡ
೨೦ ಮೇ ೧೯೭೭

ನಮ್ಮ ಮನೆಯವರಿಗೆ ದ್ವಾರಕೆಯ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ನಾನು ರಾತ್ರಿ ಉಳಿದಿದ್ದ ನಮ್ಮೂರ ಗುಲಾಬಕ್ಕನ ಚಾಳಿನ ಮೆಟ್ಟಿಲ ಮೇಲೆ ನಿಂತು ನೀವು ಕೆಮ್ಮಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಮಿಲ್ಲಿನ ಹತ್ತಿಯ ಧೂಳು ಎದೆಗೆ ಇಳಿದರೆ ಬೆಲ್ಲ ತಿನ್ನಬೇಕು, ಬೀಡಿ ಬಿಡಬೇಕು ಎಂದು ನಾನು ಹದಿನಾಲ್ಕು ವರ್ಷದಿಂದ ಬರೆಯುತ್ತಿದ್ದೇನೆ, ನೀವು ಹದಿನಾಲ್ಕು ವರ್ಷದಿಂದ ಕೇಳಿಸಿಕೊಳ್ಳುತ್ತಿಲ್ಲ. ನಾನು ಸೋಮವಾರ ಬೆಳಿಗ್ಗೆ ಕ್ಷೇಮವಾಗಿ ಊರು ಮುಟ್ಟಿದೆ. ಕಿಟಕಿಯ ಪಕ್ಕದ ಸೀಟು ಹಿಡಿದು ಕೊಟ್ಟಿರಿ, ಉಪಕಾರವಾಯಿತು. ಕಪಿಲೆ ಕರು ಹಾಕಿದೆ, ಹೆಣ್ಣು. ಹೆಂಚು ತಿರುವಿಹಾಕಲು ಬಾಬಲೋ ನಾಳೆ ಬರುತ್ತಾನಂತೆ. ಅವನ ನಾಳೆ ಎಂದರೆ ಯಾವಾಗ ಎಂಬುದು ನಿಮಗೂ ಗೊತ್ತು. ಅತ್ತೆಯವರ ಮಂಚವನ್ನು ಇನ್ನೂ ಪಡಸಾಲೆಯಿಂದ ತೆಗೆದಿಲ್ಲ. ಅವರಿದ್ದಾಗ ದಿನವೂ ಜಗಳವಾಡುತ್ತಿದ್ದೆ, ಈಗ ಬೈಯುವವರಿಲ್ಲದೆ ಮಧ್ಯಾಹ್ನ ಕಳೆಯುವುದಿಲ್ಲ.

ಈ ಪತ್ರವನ್ನು ನೀವೆಲ್ಲ ಒಟ್ಟಿಗೆ ಇರುವ ಊರ ಮಂಡಳಿಯ ಖೋಲಿಗೆ ಹಾಕುತ್ತಿಲ್ಲ. ಅಲ್ಲಿಗೆ ಬಂದ ಪತ್ರ ಯಾರದ್ದೇ ಇರಲಿ, ಭಿಕಾಜಿ ನಡುವೆ ಕೂತು ಗಟ್ಟಿಯಾಗಿ ಓದುತ್ತಾನೆ. ನಿಮಗಂತೂ ಬಸ್ಸಿನ ನಂಬರು ಬಿಟ್ಟರೆ ಬೇರೆ ಅಕ್ಷರ ಬಾರದು. ಹಾಗಾಗಿ ನಾನು ಇಷ್ಟು ವರ್ಷ ಬರೆದ ಪತ್ರಗಳೆಲ್ಲ ಊರಿನ ಇಪ್ಪತ್ತೆರಡು ಗಂಡಸರ ಕಿವಿಗೆ ಬರೆದವು. ಅದಕ್ಕೇ ಅವುಗಳಲ್ಲಿ ಬರೀ ದನ, ಭತ್ತ, ಮಾವಿನ ಹೂವು. ನಾಲ್ಕನೇ ಇಯತ್ತೆಯವರೆಗೆ ಕಲಿತ ನನಗೆ ಇನ್ನೊಂದು ಸಾಲು ಬರೆಯಲು ಬರುತ್ತಿರಲಿಲ್ಲವೇ? ನೀವು ಹೋದ ಮೇಲೆ ಎಂಟು ದಿನ ನಿಮ್ಮ ಅಂಗಿಯನ್ನು ತೊಳೆಯದೆ ಇಟ್ಟುಕೊಳ್ಳುತ್ತೇನೆ ಎಂದು ಬರೆದರೆ ಭಿಕಾಜಿ ಅದನ್ನೂ ರಾಗವಾಗಿ ಓದುತ್ತಿದ್ದ. ಈ ಸಲ ಬೇರೆ ವಿಳಾಸಕ್ಕೆ ಹಾಕುತ್ತಿದ್ದೇನೆ, ಬೇರೆಯವರು ಓದಿ ಹೇಳುತ್ತಾರೆ. ನೀವು ಸುಮ್ಮನೆ ಕೂತು ಕೇಳಿ.

ನಾನು ಮುಂಬಯಿಗೆ ಬಂದದ್ದು ಆನೆ ನೋಡಲಿಕ್ಕಲ್ಲ. ಗಣಪತಿಗೆ ಹತ್ತು ದಿನ, ಶಿಮಗಾದ ಹೋಳಿಗೆ ಐದು ದಿನ ಬರುವ ಗಂಡನ ಜೊತೆ ಹದಿನಾಲ್ಕು ವರ್ಷ ಸಂಸಾರ ಮಾಡಿದರೆ ಒಟ್ಟು ಏಳು ತಿಂಗಳಾಗುತ್ತದೆ. ನಮ್ಮ ಮದುವೆಗೆ ನನ್ನ ಮಟ್ಟಿಗೆ ಇನ್ನೂ ಏಳೇ ತಿಂಗಳು. ಅತ್ತೆಯವರನ್ನು ಬಿಟ್ಟು ಬರುವಂತಿಲ್ಲ ಎಂದಿರಿ, ಒಪ್ಪಿದೆ. ಈಗ ಅತ್ತೆ ಇಲ್ಲ. ಎಲ್ಲಾದರೂ ಒಂದು ಹತ್ತಡಿಯ ಖೋಲಿ ಹಿಡಿಯಿರಿ, ನಾನೂ ಬರುತ್ತೇನೆ ಎಂದು ಕೇಳಬೇಕಿತ್ತು. ಭಿಕಾಜಿಯ ಬಾಯಿಂದ ಅದು ನಿಮ್ಮ ಕಿವಿಗೆ ಬೀಳಬಾರದು, ನಾನೇ ಎದುರಿಗೆ ನಿಂತು ಕೇಳಬೇಕು ಎಂದು ಶನಿವಾರ ಭಾನುವಾರ ಎರಡು ದಿನದ ಮಟ್ಟಿಗೆ ಬರುತ್ತೇನೆಂದು ಹಟ ಹಿಡಿದೆ. ಬಸ್ಸಿನಲ್ಲಿ ಇಡೀ ದಾರಿ ಆ ಮಾತನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬಂದೆ. ಪರೇಲಿನಲ್ಲಿ ಇಳಿದ ಕೂಡಲೇ ನೀವು ಗಂಟು ಕಸಿದುಕೊಂಡು, "ಬಾ ಬಾ, ತಡ ಮಾಡ್ಬೇಡ, ನೋಡೋದ್ ಬೇಕಾದಷ್ಟಿದೆ" ಎಂದಿರಿ. ಎಷ್ಟು ಸಂತೋಷವಾಯಿತು ಗೊತ್ತೇ? ನನ್ನ ಗಂಡ ನನಗಾಗಿ ಒಂದು ದಿನ ರಜೆ ಹಾಕಿದ್ದಾನೆ ಎಂದು ಗುಲಾಬಕ್ಕನ ಎದುರು ಮೆರೆದೆ. ಅವಳು ಏನೋ ಹೇಳಲು ಬಾಯಿ ತೆರೆದು, "ಚಾ ಆರತ್ತೆ, ಕುಡಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಖೋಲಿಯೊಳಗೆ ಹೆಂಗಸರು ಕಾಲಿಡುವ ಹಾಗಿಲ್ಲವಲ್ಲ, ಕೆಳಗೆ ನಲ್ಲಿಯ ಹತ್ತಿರ ನಿಂತೆ. ಪಾಳಿ ಮುಗಿಸಿ ಮಲಗಿದ್ದವರೂ ಎದ್ದು ಬಂದು, "ವೈನಿ, ನಮ್ಮನೆಯೋರ್ ಏನ್ ಕಳ್ಸಿದಾರೆ?" ಎಂದು ತಮ್ಮ ತಮ್ಮ ಗಂಟು ತೆಗೆದುಕೊಂಡರು. ಹುರುಳಿ ಹಿಟ್ಟು, ಹಲಸಿನ ಹಪ್ಪಳ, ಒಣಸಿಗಡಿ, ಎಲ್ಲದಕ್ಕೂ ಹೆಸರು ಬರೆದ ಚೀಟಿ ಹಾಕಿದ್ದೆ. ಕೊನೆಗೆ ಒಂದು ಗಂಟು ಉಳಿಯಿತು. "ಇದ್ಯಾರ್ದು ವೈನಿ?" ಎಂದು ಭಿಕಾಜಿ ಕೇಳಿದ. ನಿಮಗೆಲ್ಲ ಊಟ ಹಾಕುವ ಖಾನಾವಳಿಯ ಬಾಯಿಯದು, ನಾನೇ ಕೈಯಾರೆ ಕೊಡುತ್ತೇನೆ ಎಂದೆ. ಎಲ್ಲರೂ ಒಮ್ಮೆಲೇ ತಮ್ಮ ತಮ್ಮ ಗಂಟು ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಊರಿನ ಹೆಂಗಸು ಎದುರಿಗಿದ್ದಾಳೆಂಬ ಸಂಕೋಚವೆಂದುಕೊಂಡೆ ನಾನು, ಬುದ್ಧಿವಂತೆ.

ರಾಣಿಬಾಗಿನ ಮೃಗಗಳ ತೋಟ ಚೆನ್ನಾಗಿತ್ತು. ನೀವು ಮುಂದೆ ಮುಂದೆ ಓಡುತ್ತಿದ್ದಿರಿ. "ಬೇಗ ಬಾ, ಆನೆಗೆ ಮೈ ತೊಳ್ಸೋ ಹೊತ್ತು" ಎಂದಿರಿ, ಹೋದರೆ ನಿಜವಾಗಿಯೂ ಮೈ ತೊಳೆಸುತ್ತಿದ್ದರು. ಮಗ್ಗದ ಮುಂದೆ ನಿಲ್ಲುವ ಮನುಷ್ಯನಿಗೆ ಆನೆಯ ಸ್ನಾನದ ಹೊತ್ತು ಹೇಗೆ ತಿಳಿಯಿತು ಎಂದು ಚೇಷ್ಟೆ ಮಾಡಿದೆ. "ಊರಿಂದ ಬಂದೋರಿಗೆಲ್ಲ ತೋರ್ಸೋನು ನಾನೇ ಅಲ್ವಾ" ಎಂದಿರಿ. ಆಮೇಲೆ ಗುಡ್ಡದ ಮೇಲಿನ ತೋಟ. ಅಲ್ಲಿ ಮುದುಕಿಯ ಬೂಟು ಎಂದು ಮನೆಯಷ್ಟು ದೊಡ್ಡ ಬೂಟು ಕಟ್ಟಿದ್ದಾರೆ, ಮಕ್ಕಳು ಒಳಗೆ ಹೋಗಿ ಮೇಲೆ ಹತ್ತಿ ಕೈ ಬೀಸುತ್ತಾರೆ. ನಾನು ಬಾಗಿಲಲ್ಲಿ ಬಗ್ಗಿ ನೋಡುತ್ತಿದ್ದೆ. "ಒಳಗೆ ಮೆಟ್ಲು ಕಿರಿದು, ಇಳಿಯೋವಾಗ ಹಿಂದಕ್ಕೆ ತಿರುಗಿ ಇಳೀಬೇಕು" ಎಂದಿರಿ. ಮಕ್ಕಳೇ ಇಲ್ಲದ ನನ್ನ ಗಂಡನಿಗೆ ಬೂಟಿನ ಹೊಟ್ಟೆಯೊಳಗಿನ ಮೆಟ್ಟಿಲು ಗೊತ್ತು. ಆಗಲೂ ನಕ್ಕೆ. ನನಗೆ ನಗು ಬಹಳ ಬೇಗ ಬರುತ್ತದೆ ಎಂದು ಅತ್ತೆಯವರು ಬೈಯುತ್ತಿದ್ದದ್ದು ಸುಳ್ಳಲ್ಲ.

ಚೌಪಾಟಿಯಲ್ಲಿ ಮರಳಿನ ಮೇಲೆ ಕೂತಾಗ ಕೇಳಿಬಿಡೋಣ ಎಂದು, "ಒಂದು ಮಾತಿತ್ತು" ಎಂದೆ. "ಮೊದ್ಲು ಭೇಳ್ ತಿನ್ನು, ಮೆತ್ತಗಾಗತ್ತೆ" ಎಂದಿರಿ. ತಿಂದೆ. ಮತ್ತೆ ಬಾಯಿ ತೆರೆದರೆ, "ಏಳು ಏಳು, ಡಬಲ್ ಡೆಕ್ಕರಲ್ಲಿ ಮುಂದಿನ್ ಸೀಟ್ ಈಗ್ಲೇ ಸಿಗೋದು" ಎಂದಿರಿ. ಹೀಗೆ ಒಂದರ ಮೇಲೊಂದು ನೋಡುವುದನ್ನು ತಂದು ನನ್ನ ಬಾಯಿಗೆ ತುರುಕಿದಿರಿ.

ಆದರೆ ಒಂದು ವಿಷಯ ಶನಿವಾರದಿಂದಲೇ ನನ್ನ ಕಣ್ಣಿಗೆ ಬಿದ್ದಿತ್ತು. ರಸ್ತೆ ದಾಟುವಾಗಲೆಲ್ಲ ನಿಮ್ಮ ಎಡಗೈ ಕೆಳಕ್ಕೆ ಹೋಗುತ್ತಿತ್ತು. ನನ್ನ ಕೈ ಹಿಡಿಯಲಿಕ್ಕಲ್ಲ. ನನ್ನ ಕೈ ಅಷ್ಟು ಕೆಳಗಿಲ್ಲ. ನಿಮ್ಮ ಮೊಣಕಾಲಿನಿಂದ ಒಂದು ಗೇಣು ಮೇಲೆ, ಬೆರಳು ಬಿಡಿಸಿಕೊಂಡು, ಅದು ಯಾವುದಕ್ಕೋ ಕಾಯುತ್ತಿತ್ತು. ಏನೂ ಸಿಗದೆ ಹೋದಾಗ ನೀವು ಅದನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದಿರಿ. ಎರಡು ದಿನದಲ್ಲಿ ಎಷ್ಟು ರಸ್ತೆ ದಾಟಿದೆವೋ ಅಷ್ಟು ಸಲ ನೋಡಿದೆ. ಹೆಂಡತಿಯ ಕೈಯನ್ನು ಬೀದಿಯಲ್ಲಿ ಹಿಡಿಯಲು ನಾಚಿಕೆ ಇರಬೇಕು, ಅರ್ಧಕ್ಕೆ ಬಿಡುತ್ತಾರೆ ಎಂದು ಮೊದಲ ದಿನ ನಾನೇ ನಾಚಿದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಭಾನುವಾರ ಬೆಳಿಗ್ಗೆ ಮೀನಿನ ಮನೆ. ಗಾಜಿನ ಹಿಂದೆ ಮೀನು ಇಟ್ಟು, ಟಿಕೆಟು ಕೊಟ್ಟು ನೋಡಿ ಎನ್ನುವ ಊರು ನಿಮ್ಮದು. ಕಡಲ ದಂಡೆಯವಳಿಗೆ ಮೀನು ತೋರಿಸುತ್ತೀರಲ್ಲ, ಸಾರಿಗಾದರೂ ಕೊಡುತ್ತಾರೋ ಎಂದರೆ ಪಕ್ಕದವರೆಲ್ಲ ನಕ್ಕರು, ನೀವು ನಗಲಿಲ್ಲ. ಮಧ್ಯಾಹ್ನವಾಗುತ್ತಿತ್ತು. ಇರಾನಿ ಹೋಟೆಲಿನಲ್ಲಿ ಊಟ ಮಾಡೋಣ ಎಂದಿರಿ. ನಾನು ಖಾನಾವಳಿಗೇ ಹೋಗಬೇಕೆಂದೆ. "ಗಂಟು ಕೊಡು, ಸಂಜೆ ನಾನೇ ಕೊಡ್ತೀನಿ" ಎಂದಿರಿ. ಬೇಡ ಎಂದೆ. "ಅಲ್ಲಿ ಗಂಡಸ್ರ ಗದ್ಲ" ಎಂದಿರಿ. ಇರಲಿ ಎಂದೆ. ಹನ್ನೊಂದು ವರ್ಷದಿಂದ ನನ್ನ ಗಂಡನಿಗೆ ಎರಡು ಹೊತ್ತು ಬಡಿಸುತ್ತಿರುವವಳಿಗೆ ಪ್ರತಿ ಗಣಪತಿಗೂ ನಿಮ್ಮ ಕೈಯಲ್ಲೇ ಕೋಕಂ, ಉಪ್ಪಿನಕಾಯಿ ಕಳಿಸಿದವಳು ನಾನು. ಅವರಿಗೆ ಹೊಟ್ಟೆ ತುಂಬ ಹಾಕಿ ಎಂದು ಹೇಳಿಸುತ್ತಿದ್ದೆ. ಒಮ್ಮೆ ಮುಖ ನೋಡಿ ಕೈ ಮುಗಿಯಬೇಡವೇ?

ಹಾಗೆ ಹೋದೆವು. ತಾನುಬಾಯಿ ಒಳ್ಳೆಯ ಹೆಂಗಸು. ಇದನ್ನು ಮೊದಲೇ ಬರೆಯುತ್ತೇನೆ. ಊಟಕ್ಕೆ ಕಾಯುತ್ತಿದ್ದವರಿಗೆ ಒಲೆಯ ಪಕ್ಕದಲ್ಲೇ ಕೂತು ಪೇಪರು ಓದಿ ಹೇಳುತ್ತಿದ್ದಳು, ನಡುನಡುವೆ ರೊಟ್ಟಿ ತಿರುವುತ್ತಿದ್ದಳು. ಒಲೆಯ ಹೊಗೆಯಲ್ಲಿ ಕೂತೂ ಇಷ್ಟು ಸ್ಪಷ್ಟವಾಗಿ ಓದುತ್ತಾಳಲ್ಲ ಎಂದು ಮೆಚ್ಚಿಕೊಂಡೆ. ಆಗ ಗ್ಯಾಲರಿಯ ಕಂಬಿಯ ಮೇಲೆ ಒಣಹಾಕಿದ್ದ ಕೌದಿ ಕಂಡಿತು. ಅರ್ಧ ಕೌದಿ. ನನ್ನ ಮದುವೆಯ ಅರಿಶಿನ ಸೀರೆ, ಅತ್ತೆಯವರ ಕಾವಿ ಬಣ್ಣದ ಸೀರೆ, ಎರಡನ್ನೂ ಪದರ ಹಾಕಿ ಎರಡು ಮಳೆಗಾಲ ಕೂತು ನಾನು ಹೊಲಿದದ್ದು. ಖೋಲಿಯ ನೆಲ ತಣ್ಣಗಿರುತ್ತದೆಂದು ನಿಮಗೆ ಕೊಟ್ಟು ಕಳಿಸಿದ್ದೆ. ಇಲಿ ಕಡಿಯಿತು, ಎಸೆದೆ ಎಂದಿದ್ದಿರಿ. ಇಲಿ ಅಷ್ಟು ನೇರವಾಗಿ ಕತ್ತರಿಸುವುದಿಲ್ಲ. ಒಂದು ಮಗು ಹೊದೆಯುವಷ್ಟಕ್ಕೆ ಕತ್ತರಿಸಿ ಅಂಚು ಮಡಚಿ ಹೊಲಿದಿದ್ದರು.

ನಾನು ಅದನ್ನು ನೋಡುತ್ತಿರುವಾಗಲೇ ಒಳಗಿನಿಂದ ಆರು ವರ್ಷದ ಹುಡುಗಿ ಓಡಿ ಬಂತು. ಬಂದದ್ದೇ ನಿಮ್ಮ ಮುಖವನ್ನೂ ನೋಡದೆ ನಿಮ್ಮ ಎಡಗೈಯೊಳಗೆ ಕೈ ತೂರಿಸಿತು. ಎರಡು ದಿನ ಗಾಳಿಯಲ್ಲಿ ತೂಗಾಡಿದ ಕೈಗೆ ಅದರ ಜಾಗ ಸಿಕ್ಕಿತು. "ಬಾಬಾ, ಇವತ್ ಭಾನುವಾರ ಅಲ್ವಾ, ಆನೆ ಹತ್ರ ಯಾಕ್ ಹೋಗ್ಲಿಲ್ಲ?" ಎಂದಿತು. ಅದರ ಹುಬ್ಬು ನಿಮ್ಮದೇ. ಊಟಕ್ಕೆ ಕೂತಿದ್ದ ನಮ್ಮೂರಿನವರೆಲ್ಲ ತಟ್ಟೆ ನೋಡಿದರು. ತಾನುಬಾಯಿ ಸೆರಗಿಗೆ ಕೈ ಒರೆಸುತ್ತ, "ಯಾರಿವ್ರು?" ಎಂದಳು. ನೀವು, "ಊರಿಂದ ಬಂದಿದಾರೆ. ನಮ್ ವೈನಿ" ಎಂದಿರಿ.

ಗೆಳೆಯರು ನನ್ನನ್ನು ವೈನಿ ಎನ್ನುತ್ತಾರೆ, ಸರಿ. ಅವರಿಗೆ ನೀವು ಅಣ್ಣನ ಹಾಗೆ. ನಿಮ್ಮ ಬಾಯಲ್ಲಿ ವೈನಿ ಎಂದರೆ ನಾನು ನಿಮ್ಮ ಅಣ್ಣನ ಹೆಂಡತಿ. ನಿಮಗೆ ಅಣ್ಣನೇ ಇಲ್ಲ. ಇಲ್ಲದ ಮನುಷ್ಯನಿಗೆ ನನ್ನನ್ನು ಮದುವೆ ಮಾಡಿಕೊಟ್ಟು ನೀವು ಕೈಕಾಲು ತೊಳೆಯಲು ಹೋದಿರಿ.

ನಾನು ಯಾಕೆ ಕೂಗಲಿಲ್ಲ ಎಂದು ಈ ಐದು ದಿನದಿಂದ ಯೋಚಿಸುತ್ತಿದ್ದೇನೆ. ನನ್ನ ನಾಲಿಗೆ ಎಂಥದ್ದು ಎಂದು ಇಡೀ ವಾಡಿಗೆ ಗೊತ್ತು. ಆ ಹುಡುಗಿ ಬಂದು ನನ್ನ ತೊಡೆಗೆ ಒರಗಿ ಕೂತುಬಿಟ್ಟಿತು, ಅದಕ್ಕೇ ಇರಬೇಕು. ತಾನುಬಾಯಿ ಬಂಗಡೆ ಸಾರು ಬಡಿಸಿ, "ಇನ್ನೊಂದ್ ತುಂಡ್ ಹಾಕ್ಕೊಳ್ಳಿ ವೈನಿ, ನಿಮ್ಮ ಕೋಕಂ ಹಾಕಿದ್ರೇನೇ ಇವ್ರಿಗೆ ಊಟ ಸೇರೋದು" ಎಂದಳು. ಹಾಕಿಸಿಕೊಂಡು ತಿಂದೆ. ಹೊರಡುವಾಗ ಅವಳು ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ ಹಾಕಿ ನನ್ನ ಉಡಿ ತುಂಬಿದಳು. "ಮಕ್ಳೆಷ್ಟು ವೈನಿ?" ಎಂದು ಕೇಳಿದಳು. ಇಲ್ಲ ಎಂದೆ. "ಆಗತ್ತೆ, ದೇವ್ರಿದಾನೆ" ಎಂದು ಉಡಿಗೆ ಇನ್ನೊಂದು ಹಿಡಿ ಅಕ್ಕಿ ಹಾಕಿದಳು. ನೀವು ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಿದ್ದಿರಿ, ಎಷ್ಟು ಹೊತ್ತು ಮೆಟ್ಟಿದಿರಿ!

ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯ ಹತ್ತಿರ ಬಂದು, "ಗೇಟ್‌ವೇ ಒಂದು ಉಳೀತು. ಅದು ಬಿಟ್ರೆ ಮುಂಬಯಿ ನೋಡಿದ್ದಾಯ್ತು, ಅಲ್ವಾ?" ಎಂದಿರಿ. ಆಯ್ತು ಎಂದೆ. ಖೋಲಿಯ ಮಾತು ಕೇಳಲಿಲ್ಲ. ಎಲ್ಲ ತೋರಿಸಿ ಮುಗಿಸಿದರೆ ಮತ್ತೆ ಬರುತ್ತೇನೆ ಎನ್ನಲಾರಳು ಎಂಬುದು ನಿಮ್ಮ ಲೆಕ್ಕ ಎಂದು ಅಲ್ಲಿ ನನಗೆ ತಿಳಿಯಿತು. ಬಸ್ಸು ಹೊರಟ ಮೇಲೆ ಪನವೇಲಿನವರೆಗೂ ಅತ್ತೆ. ಪಕ್ಕದ ಮುದುಕಿ ತವರಿಗೋ ಎಂದು ಕೇಳಿದಳು. ಗಂಡನ ಮನೆಗೆ ಎಂದೆ, ಮತ್ತೂ ಅಳು ಬಂತು.

ಗುಲಾಬಕ್ಕನಿಗೆ ನಾನು ಸಿಟ್ಟಾಗಿಲ್ಲ ಎಂದು ತಿಳಿಸಿ. ಖೋಲಿಯವರಿಗೆ ನನ್ನ ನಮಸ್ಕಾರ ಹೇಳುವುದು ಬೇಡ. ನಿಮ್ಮ ಎದೆಗೆ ಒಳ್ಳೆಯದಾಗಲಿ, ಬೀಡಿ ಬಿಡಿ.

ದ್ವಾರಕಾ ಲವೂ ತಾವಡೆ

ತಾ.ಕ.: ತಾನುಬಾಯಿ, ಇಲ್ಲಿಯವರೆಗೆ ಇದನ್ನು ಅವರಿಗೆ ಓದಿ ಹೇಳಿದವಳು ನೀನೇ. ಬೇರೆ ಯಾರನ್ನು ಕೇಳಲಿ? ನಡುವೆ ಎಲ್ಲಾದರೂ ನಿನ್ನ ಧ್ವನಿ ನಿಂತಿದ್ದರೆ ತಪ್ಪಿಲ್ಲ, ಬರೆಯುವಾಗ ನನ್ನ ಕೈಯೂ ನಿಂತಿತ್ತು. ಇಲ್ಲಿಂದ ಮುಂದೆ ಮನಸ್ಸಿನಲ್ಲೇ ಓದಿಕೋ. ಅವರನ್ನು ಕೇಳಬೇಡ, ಅವರು ಇನ್ನೊಬ್ಬ ಅಣ್ಣನನ್ನು ಹುಟ್ಟಿಸುತ್ತಾರೆ. ನನಗೆ ಒಂದೇ ಉತ್ತರ ಬೇಕು, ನೀನೇ ಬರೆ, ಸುಳ್ಳು ಬೇಡ. ಈ ಇಷ್ಟು ವರ್ಷದಲ್ಲಿ, ಜ್ವರದಲ್ಲಾದರೂ ಸರಿ, ಕುಡಿದಾಗಲಾದರೂ ಸರಿ, ಒಂದೇ ಒಂದು ಸಲ ನಿನ್ನ ಮನೆಯಲ್ಲಿ ಅವರ ಬಾಯಿಂದ ದ್ವಾರಕಾ ಎಂಬ ಹೆಸರು ಬಂದಿತ್ತೇ? ಬಂದಿದ್ದರೆ ಗಣಪತಿಗೆ ಅವರನ್ನು ಕಳಿಸು, ಮಗುವನ್ನೂ ಕಳಿಸು, ನಾನು ಬಾಗಿಲು ತೆಗೆಯುತ್ತೇನೆ. ಬಂದಿಲ್ಲವಾದರೆ ಏನೂ ಬರೆಯಬೇಡ. ಗಣಪತಿಯವರೆಗೆ ಪೋಸ್ಟಿನವನ ದಾರಿ ನೋಡುತ್ತೇನೆ.