ಮಿಲಿಂದ್ ತೋಳು ಚಾಚಿದ ದಿನ

ಗೆಳತಿ ಗೌತಮಿ,

ಯಶೂಗೆ ಮೆದುಳು ಜ್ವರದ ಮೊದಲ ಲಸಿಕೆ ಹಾಕಿಸಿದ ದಿನ ನೆನಪಿದೆಯಾ? ನೀನು ಮಗಳನ್ನು ಎತ್ತಿಕೊಂಡು ಆಡಕಿಯ ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದಿದ್ದೆ. ನೀನೂ ಅಲ್ಲಿಯ ನರ್ಸ್, ನಾನೂ ಅಲ್ಲಿಯ ನರ್ಸ್. ಊರೂರ ಮಕ್ಕಳಿಗೆಲ್ಲ ಚುಚ್ಚಿದ ಕೈ ನಿನ್ನದು. ಆದರೆ ಅವತ್ತು ಸಿರಿಂಜನ್ನು ನನಗೆ ಕೊಟ್ಟು, "ನೀನೇ ಹಾಕವ್ವ ಶಾಂತಾ, ನನ್ನ ಕೈಲೆ ಆಗಂಗಿಲ್ಲ," ಎಂದು ಗೋಡೆಯ ಕಡೆ ಮುಖ ಮಾಡಿ ನಿಂತೆ. ಮಗುವಿಗಿಂತ ಮೊದಲು ನೀನೇ ಅತ್ತೆ. ಆಮೇಲೆ ಇಬ್ಬರೂ ಎಷ್ಟು ನಕ್ಕೆವು...

ಚಿಂಚೋಳಿಯ ಗುಡ್ಡದ ತಾಂಡಾಕ್ಕೆ ಲಸಿಕೆ ಹಾಕಲು ಹೋದದ್ದೂ ನೆನಪಾಗುತ್ತದೆ. ಕಾಡಿನ ದಾರಿಯಲ್ಲಿ ಜೀಪು ಕೆಟ್ಟು ನಿಂತಿತು. ಐಸ್ ಕರಗಿದರೆ ಮದ್ದು ಕೆಡುತ್ತದೆ ಎಂದು ನೀನು ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಗುಡ್ಡ ಹತ್ತಿದೆ. ತಲುಪುವಷ್ಟರಲ್ಲಿ ಐಸೆಲ್ಲ ನೀರಾಗಿತ್ತು. ಕೂಲಿ ಬಿಟ್ಟು ಕಾದು ಕುಳಿತ ತಾಯಂದಿರನ್ನು ಬರಿಗೈಲಿ ಕಳಿಸಬೇಕಾಯಿತು. ಇಳಿಯುವಾಗ ನೀನು ಸಿಟ್ಟಿನಿಂದ, "ಸೂಜಿ ಬ್ಯಾಡ, ಐಸ್ ಬ್ಯಾಡ, ಅಂಥಾ ಲಸಿಕೆ ಯಾಕ ಮಾಡವಲ್ರು ಇವರು?" ಎಂದು ಕೇಳಿದ್ದೆ. ಆ ಪ್ರಶ್ನೆಗೆ ಈಗ ಅರ್ಧ ಉತ್ತರವಿದೆ. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ನಿನ್ನ ಕೊನೆಯ ದಿನಗಳನ್ನು ಬರೆಯಲು ಮನಸ್ಸಿಲ್ಲ. ಡೆಂಗಿ ಎಂದು ಗೊತ್ತಾದಾಗ ನೀನೇ ನಮಗೆ ಧೈರ್ಯ ಹೇಳಿದೆ, "ನೀರು ಕುಡದು ಮಲಗಿದ್ರ ಹೋಗ್ತದ" ಎಂದೆ. ಹೋಗಲಿಲ್ಲ. ಆಸ್ಪತ್ರೆಯವರು ಕೈಲಾದದ್ದೆಲ್ಲ ಮಾಡಿದರು. ದಿನಾ ರಕ್ತ ತೆಗೆದರು, ಸಲೈನ್ ಏರಿಸಿದರು, ಪ್ಲೇಟ್‌ಲೆಟ್ ಕೊಟ್ಟರು. ಅದೆಲ್ಲ ಯಾಕೆಂದು ನನಗೆ ಗೊತ್ತಿತ್ತು. ಆದರೆ ಮಿಲಿಂದ್‌ಗೆ? ರೈಲು ಹಳಿ ರಿಪೇರಿ ಮಾಡುವ ಮನುಷ್ಯ, ಹೆಂಡತಿಯ ಎರಡೂ ತೋಳು ನೀಲಿಗಟ್ಟುವುದನ್ನು ಪಕ್ಕದ ಸ್ಟೂಲಿನ ಮೇಲೆ ಕುಳಿತು ನೋಡಿದ. ಅವನ ಕಣ್ಣಲ್ಲಿ ಉಳಿದದ್ದು ಅಷ್ಟೇ.

ಯಶೂಗೆ ಎರಡನೇ ಲಸಿಕೆಯ ಸಮಯ ಬಂದಾಗ ಸೇಡಂನಿಂದ ರೈಲು ಹತ್ತಿ ವಾಡಿಗೆ, ನಿಮ್ಮ ಮನೆಗೆ ಹೋದೆ. ಬುದ್ಧನ ಫೋಟೋದ ಪಕ್ಕದಲ್ಲಿ ನಿನ್ನ ಫೋಟೋ ಇತ್ತು. ನಿನ್ನತ್ತೆ ಚಹಾ ತಂದಿಟ್ಟರು. ಮಿಲಿಂದ್ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ನಾನು ಲಸಿಕೆಯ ಮಾತು ತೆಗೆದೊಡನೆ ಅವಳನ್ನು ಎದೆಗೆ ಒತ್ತಿಕೊಂಡ.

"ಶಾಂತಕ್ಕ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲರಿ. ಆದ್ರ ಈಕಿ ಮೈಗೆ ಸೂಜಿ ತಾಗಸಲಿಕ್ಕ ನಾ ಬಿಡಂಗಿಲ್ಲ. ಅಕಿಗೆ ಎಷ್ಟು ಚುಚ್ಚಿದ್ರು... ಉಳದಳೇನು?"

ಆ ಸೂಜಿಯೇ ಬೇರೆ, ಈ ಸೂಜಿಯೇ ಬೇರೆ ಎಂದೆ. ಮೆದುಳು ಜ್ವರ ಬಂದರೆ ಮಕ್ಕಳು ಬದುಕಿದರೂ ಎಷ್ಟೋ ಸಲ ಮೊದಲಿನಂತೆ ಇರುವುದಿಲ್ಲ ಎಂದೆ. ಅವನು ತಲೆಯಾಡಿಸಿದ, ಆದರೆ ಮಗಳನ್ನು ಬಿಡಲಿಲ್ಲ. ನಿನ್ನತ್ತೆ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು, "ಅಂವಗ ಜರಾ ಟೈಮ್ ಕೊಡವ್ವ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅದಾದ ಮೇಲೆ ನನ್ನನ್ನು ಕೆಲಸಕ್ಕೆಂದು ಕಲಬುರಗಿಯ ಆಸ್ಪತ್ರೆಗೆ ಕರೆಸಿಕೊಂಡರು. ಅಲ್ಲಿ ಡೆಂಗಿಗೆ ಹೊಸ ಲಸಿಕೆಯೊಂದರ ಪರೀಕ್ಷೆ ನಡೆದಿದೆ. ಸೂಜಿಯಲ್ಲ ಗೌತಮಿ, ಪಟ್ಟಿ! ದೊಡ್ಡ ನಾಣ್ಯದಷ್ಟಗಲ. ಅದರ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮೊನೆಗಳಿವೆ, ಮದ್ದಿನಿಂದಲೇ ಮಾಡಿದವು. ತೋಳಿಗೆ ಒತ್ತಿದರೆ ಚರ್ಮದೊಳಗೆ ಹೋಗಿ ಕರಗುತ್ತವೆ. ಬೆಕ್ಕು ನೆಕ್ಕಿದ ಹಾಗೆ ಸ್ವಲ್ಪ ತರಿತರಿ, ಅಷ್ಟೇ. ಸೊಳ್ಳೆ ಕಚ್ಚಿದಾಗ ವೈರಸ್ಸನ್ನು ಮೊದಲು ಎದುರಿಸುವ ಕಾವಲುಗಾರರು ಚರ್ಮದಲ್ಲೇ ಇರುತ್ತಾರಂತೆ. ಅವರಿಗೇ ನೇರ ಪಾಠ ಹೇಳುವುದು ಇದರ ಉಪಾಯ. ಎಲ್ಲ ಸರಿ ಹೋದರೆ ಐಸ್ ಪೆಟ್ಟಿಗೆಯೂ ಬೇಡವಾಗಬಹುದು ಎನ್ನುತ್ತಾರೆ. ಆದರೆ ಇನ್ನೂ ಪರೀಕ್ಷೆ. ದೊಡ್ಡವರಿಗೆ ಮಾತ್ರ.

ಒಂದು ಬೆಳಿಗ್ಗೆ ಮಿಲಿಂದ್ ಅಲ್ಲಿಗೆ ಬಂದ. ನನ್ನಿಂದಲೇ ಫೋನಿನಲ್ಲಿ ವಿಷಯ ಕೇಳಿದ್ದ. ಶಹಾಬಾದಿನಲ್ಲಿದ್ದ ಕೆಲಸಕ್ಕೆ ರಜೆ ಹಾಕಿ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

"ಈ ಪಟ್ಟಿ ಯಶೂಗೆ ಹಚ್ಚಬಹುದೇನ್ರಿ?"

"ಇಲ್ಲ ಮಿಲಿಂದ್. ಇದು ಬ್ಯಾರೆ ರೋಗಕ್ಕ. ಮಕ್ಕಳಿಗೆ ಇನ್ನಾ ಬಂದಿಲ್ಲ."

"ಯಾವಾಗ ಬರ್ತದ? ನಾ ಕಾಯ್ತೀನಿ."

"ನನಗ ಗೊತ್ತಿಲ್ಲ. ಬರ್ತದೋ ಇಲ್ಲೋ ಅದೂ ಗೊತ್ತಿಲ್ಲ. ಅಲ್ಲೀತನಕ ಸೊಳ್ಳಿ ಕಾಯಂಗಿಲ್ಲ."

ಅವನು, "ಹಂಗಾದ್ರ ನನಗ ಹಚ್ರಿ. ಅಕಿನ್ನ ಒಯ್ದಿದ್ದು ಡೆಂಗಿನೇ ಅಲ್ಲೇನು," ಎಂದ.

ಪರೀಕ್ಷೆ ನಡೆಸುವ ಡಾಕ್ಟರಮ್ಮ ಅವನನ್ನು ಎದುರಿಗೆ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಕೆಲವರ ಪಟ್ಟಿಯಲ್ಲಿ ಮದ್ದಿರುತ್ತದೆ, ಕೆಲವರದ್ದರಲ್ಲಿ ಇರುವುದಿಲ್ಲ, ಯಾರದ್ದು ಯಾವುದೆಂದು ತಮಗೂ ತಿಳಿದಿರುವುದಿಲ್ಲ ಎಂದರು. ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು ಎಂದರು. ಅವನು ಎಲ್ಲಕ್ಕೂ ಹೂಂಗುಟ್ಟಿದ. ಕೊನೆಗೆ, ಪಟ್ಟಿ ಹಚ್ಚುವ ಮೊದಲೂ ಆಮೇಲೂ ರಕ್ತ ತೆಗೆಯಬೇಕಾಗುತ್ತದೆ ಎಂದರು.

ಮಿಲಿಂದ್ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. "ಸೂಜಿ ಇಲ್ಲಂದಿದ್ರಿ!" ಎಂದು ನನ್ನನ್ನು ನೋಡಿ ಹೊರಗೆ ನಡೆದುಬಿಟ್ಟ.

ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ನಿಂತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಬಲವಂತ ಮಾಡಲು ಹೋದವಳಲ್ಲ. ಮನೆಗೆ ಹೋಗು, ಊಟ ಮಾಡಿ ಹೋಗು ಎಂದೆ. ಅವನು ಹೋಗಲಿಲ್ಲ, ತಿರುಗಿ ಕೇಳಿದ.

"ರಕ್ತ ಯಾಕ ಬೇಕ್ರಿ ಶಾಂತಕ್ಕ?"

"ಪಟ್ಟಿ ಕೆಲಸ ಮಾಡ್ತೋ ಇಲ್ಲೋ, ರಕ್ತ ನೋಡಿದ್ರನೇ ತಿಳಿತದ. ಹೊರಗಿಂದ ಕಾಣಂಗಿಲ್ಲ."

"ಅಕಿಂದು ದಿನಾ ತಗೀತಿದ್ರಲ್ಲ... ಅದೂ ಹಿಂಗ ಏನರೆ ತಿಳಕೊಳ್ಳಾಕೇನು?"

"ಹೂಂ. ಅಕಿನ್ನ ಉಳಸಾಕ. ಎಷ್ಟು ಪ್ಲೇಟ್‌ಲೆಟ್ ಏರಿಸಬೇಕಂತ ತಿಳಕೊಳ್ಳಾಕ."

"ಯಾರೂ ನನಗ ಹೇಳಲೇ ಇಲ್ಲ," ಎಂದ. ಅಷ್ಟಂದು ಮರಕ್ಕೆ ಹಣೆ ಹಚ್ಚಿ ಅತ್ತ. ನಿನ್ನ ಮಣ್ಣಿನ ದಿನ ಅಳದ ಮನುಷ್ಯ, ಗೌತಮಿ. ನಾನೂ ಅತ್ತೆ.

ಮುಖ ತೊಳೆದುಕೊಂಡು ಅವನೇ ಒಳಗೆ ಹೋದ. ಬಿದ್ದ ಕುರ್ಚಿಯನ್ನು ಎತ್ತಿಟ್ಟು ಕುಳಿತ. ತೋಳು ಚಾಚಿದ. ರಕ್ತ ತೆಗೆಯುವಾಗ ಬೇರೆ ಕಡೆ ನೋಡು ಎಂದೆ. ನೋಡಲಿಲ್ಲ. ಸೂಜಿಯನ್ನೇ ನೋಡುತ್ತ ಕುಳಿತ. ಪಟ್ಟಿ ಒತ್ತಿದಾಗ ಮಾತ್ರ, "ಇಷ್ಟೇ ಏನ್ರಿ?" ಎಂದು ಮೆಲ್ಲಗೆ ನಕ್ಕ. ಅವನಿಗೆ ಸಿಕ್ಕದ್ದು ಮದ್ದಿನ ಪಟ್ಟಿಯೋ ಖಾಲಿಯದೋ, ಇಂದಿಗೂ ನಮಗೆ ಗೊತ್ತಿಲ್ಲ.

ಮುಂದಿನ ವಾರ ಚಿತ್ತಾಪುರ ದಾಟಿ ಬರುವ ಅದೇ ರೈಲಿನಲ್ಲಿ ಅವನು ಯಶೂಳನ್ನು ಎರಡನೇ ಲಸಿಕೆಗೆ ಸೇಡಂ ಆಸ್ಪತ್ರೆಗೆ ಕರೆತಂದ. ನಾನು ಕಲಬುರಗಿಯಿಂದ ರಜೆಯ ಮೇಲೆ ಬಂದಿದ್ದೆ. ನಾನೇ ಹಾಕಬೇಕೆಂದು ಹಟ ಹಿಡಿದ. ಯಶೂ ಕೂಗಿದ್ದು ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು. ನಿನ್ನದೇ ಗಂಟಲು.

ಆ ಸಂಜೆ ಮಿಲಿಂದ್ ಫೋನ್ ಮಾಡಿದ. "ಯಶೂನ ಮೈ ಬಿಸಿ ಆಗ್ಯಾದ್ರಿ," ಎಂದು ಎರಡು ಸಲ ಹೇಳಿದ. ಲಸಿಕೆ ಹಾಕಿದ ಮೇಲೆ ಹಾಗಾಗುವುದುಂಟು, ಹೆದರಬೇಡ ಎಂದು ಏನು ಮಾಡಬೇಕೆಂದು ಹೇಳಿದೆ. ನನ್ನ ಅನುಭವವೆಲ್ಲ ಹೆದರಬೇಡ ಎಂದಿತು. ಆದರೂ ನಿಮ್ಮ ಮನೆಯಲ್ಲಿ ಜ್ವರ ಎಂಬ ಮಾತು ಕೇಳಿ ರಾತ್ರಿಯಿಡೀ ಫೋನನ್ನು ಕೈಯಲ್ಲೇ ಹಿಡಿದು ಕುಳಿತೆ.

ಬೆಳಿಗ್ಗೆ ಮತ್ತೆ ಫೋನ್ ಬಂತು. ಹಿಂದೆ ಪಾತ್ರೆಯ ಸದ್ದು, ನಿನ್ನತ್ತೆ ಯಾರನ್ನೋ ಗದರುವ ಸದ್ದು.

"ಇಳದದ್ರಿ," ಎಂದ ಮಿಲಿಂದ್. "ಇಡ್ಲಿ ತಿನ್ನಾಕತ್ತಾಳ. ಅರ್ಧ ನೆಲಕ್ಕ ಚೆಲ್ಯಾಳ."

ನಿಮ್ಮ ಮನೆಗೆ ಜ್ವರ ಬಂದಿತ್ತು ಗೌತಮಿ, ಇಳಿದು ಹೋಯಿತು.

ನಿನ್ನ
ಶಾಂತಾ