ಜ್ಯೂರಿಗೆ ಹೇಳಬಾರದ್ದು

ಸೋಮವಾರ, ಜೂನ್ 10. ಸಂಜೆ 7

ಕಾಲಲ್ಲಿ ಬೊಬ್ಬೆ ಎದ್ದಿದೆ. ಹೊಸ ಬೂಟು ಬೇಡ ಅಂತ ಅಮ್ಮ ಬಡಕೊಂಡಿದ್ದಳು.

ಮಿನಿ ಪ್ಯೂಪಿಲೇಜ್ ಎಂಬ ಒಂದು ವಾರದ ವಕೀಲಿ ಕಲಿಕೆ, ಮೊದಲ ದಿನ. ಇನ್ನು ನಾಲ್ಕು ದಿನವೂ ಬ್ಯಾರಿಸ್ಟರ್ ಪಿಪ್ಪಾ ಗಾರ್‌ಸೈಡ್ ಬೆನ್ನ ಹಿಂದೆ. ನೋಡಬೇಕು, ಕೇಳಬೇಕು, ಬಾಯಿ ಮುಚ್ಚಿಕೊಂಡಿರಬೇಕು. ಬೆಳಿಗ್ಗೆಯೇ ಹಾಗೆಂದು ಸಹಿ ಹಾಕಿಸಿಕೊಂಡರು.

ಕಕ್ಷಿದಾರ ಕ್ರೇಗ್ ಟ್ರಾನ್ಮರ್. ಪಬ್ಬಿನಲ್ಲಿ ಒಡೆದ ಗ್ಲಾಸಿನಿಂದ ಒಬ್ಬನ ಮುಖ ಸೀಳಿದನೆಂದು ಆರೋಪ. ತನ್ನ ಮೇಲೆ ಬಿದ್ದವನನ್ನು ತಡೆದೆ ಅಷ್ಟೇ ಅನ್ನುತ್ತಾನೆ. ಎಂಟು ತಿಂಗಳಿಂದ ಜೈಲು. ಕೋರ್ಟಿನ ಕೆಳಗಿನ ಲಾಕಪ್ಪಿನಲ್ಲಿ ಭೇಟಿ. ಉಗುರೆಲ್ಲ ಕಚ್ಚಿಕೊಂಡಿದ್ದಾನೆ. “ಶನಿವಾರ ಅಮ್ಮನ ಮನೇಲಿ ಊಟ, ಅಲ್ವಾ?” ಅಂತ ಎರಡು ಸಲ ಕೇಳಿದ.

ಏಳು ವರ್ಷದ ಹಿಂದೆಯೂ ಗ್ಲಾಸಿನ ಕೇಸಿನಲ್ಲೇ ಶಿಕ್ಷೆಯಾಗಿದೆ. ಅದು ಜ್ಯೂರಿಯ ಕಿವಿಗೆ ಬೀಳಕೂಡದು ಎಂದು ಪಿಪ್ಪಾ ಒಂದೂವರೆ ಗಂಟೆ ವಾದಿಸಿದರು. ಜಡ್ಜ್ ಒಪ್ಪಿದರು. ಆಮೇಲೇ ತೀರ್ಪು ಕೊಡುವ ಜ್ಯೂರಿಯ ಹನ್ನೆರಡು ಜನರನ್ನು ಒಳಗೆ ಕರೆದದ್ದು. ಬರೆದುಕೊಳ್ಳುವ ಗಡಿಬಿಡಿಯಲ್ಲಿ ಅವರ ಮುಖ ಕೂಡ ನೋಡಲಿಲ್ಲ.

ಬಸ್ಸಿನಲ್ಲಿ ಅಮ್ಮನ ಫೋನ್. ಎಲ್ಲ ಹೇಳಿದೆ. ಏನು ಖುಷಿ ಅವಳಿಗೆ!

ಮಂಗಳವಾರ, 11. ಮಧ್ಯಾಹ್ನ 1.20, ಕೋರ್ಟಿನ ಟಾಯ್ಲೆಟ್ಟಿನಲ್ಲಿ

ಸಾಸಿವೆ ಬಣ್ಣದ ಉಣ್ಣೆ ಟೋಪಿ. ನಿನ್ನೆ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸಿನದು. ಒಮ್ಮೆ ತಿರುಗಿಯೂ ನೋಡಿದ್ದಳು. ಇವತ್ತು ಆ ಟೋಪಿ ಜ್ಯೂರಿ ಕಟಕಟೆಯಲ್ಲಿ, ಐದನೆಯವಳ ತೊಡೆಯ ಮೇಲೆ.

ನಾನು ಅಮ್ಮನಿಗೆ ಹೇಳಿದ್ದು, ಒಂದೊಂದು ಅಕ್ಷರವೂ ನೆನಪಿದೆ: “ಕ್ರೇಗ್ ಹಿಂದೇನೂ ಹಿಂಗೇ ಮಾಡಿದ್ದಾನಮ್ಮ, ಗ್ಲಾಸಲ್ಲೇ. ಜ್ಯೂರಿಗೆ ಹೇಳೋ ಹಾಗಿಲ್ಲ ಅಷ್ಟೇ.”

ಅಯ್ಯೋ ದೇವರೇ.

ಸಂಜೆ

ಕೇಳಿಸಿರಲಿಕ್ಕಿಲ್ಲ. ಬಸ್ಸಿನ ಸದ್ದು ಇತ್ತು. ಕಿವಿ ಮಂದ ಇರಬಹುದು… ಮನೆಗೆ ಕಳಿಸುವಾಗ ಜಡ್ಜ್ ಜ್ಯೂರಿಗೆ ಹೇಳಿದರು, “ಹೊರಗಿನವರ ಮಾತು ಕಿವಿಗೆ ಹಾಕ್ಕೋಬೇಡಿ.” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಕಥೆ ನನ್ನದು. ತಲೆ ಎತ್ತಲಿಲ್ಲ.

ಬುಧವಾರ, 12

ಕ್ರೇಗನ ಅಮ್ಮ ಮೋ ದಿನವೂ ಮೀನಿನ ಫ್ಯಾಕ್ಟರಿಗೆ ರಜೆ ಹಾಕಿ ಬಂದು ಗ್ಯಾಲರಿಯಲ್ಲಿ ಕೂರುತ್ತಾರೆ. ಊಟದ ಹೊತ್ತಿಗೆ ನನ್ನ ಕೈಗೆ ಹ್ಯಾಮ್ ಸ್ಯಾಂಡ್‌ವಿಚ್ ತುರುಕಿದರು.

“ತಿನ್ನೇ ಪುಟ್ಟಿ, ಗಾಳಿ ಬಂದ್ರೆ ಹಾರಿಹೋಗ್ತೀಯ. ಅಲ್ಲಾ, ಆ ಟೋಪಿಯವಳು ನಿನ್ನನ್ನೇ ನೋಡ್ತಾ ತಲೆ ಆಡಿಸಿದ್ಲು. ನಾನು ಕಂಡೆ! ನಮ್ಮ ಕಡೆ ಅಂತಲ್ವಾ?”

“ಗೊತ್ತಿಲ್ಲ, ಮೋ,” ಅಂದೆ. ಸ್ಯಾಂಡ್‌ವಿಚ್ ಚೀಲದೊಳಗೆ ಇಟ್ಟೆ.

ಸಂಜೆ ಪಿಪ್ಪಾ, “ಚುರುಕಿದ್ದೀಯ ಹೆಟ್ಟಿ. ಮುಂದಿನ ವರ್ಷ ನಮ್ಮಲ್ಲಿ ತರಬೇತಿಗೆ ಅರ್ಜಿ ಹಾಕು, ನಾನೇ ಒಂದು ಮಾತು ಹೇಳ್ತೀನಿ” ಅಂದರು. ಆಗ ಹೇಳಬಹುದಿತ್ತು. ಥ್ಯಾಂಕ್ಸ್ ಅಂದೆ. ನಾಚಿಕೆಗೆಟ್ಟವಳು ನಾನು.

ಹೇಳಿದರೆ ಜ್ಯೂರಿ ರದ್ದು. ಅವನು ಮತ್ತೆ ಒಳಗೆ, ಹೊಸ ವಿಚಾರಣೆ ಬರುವ ತನಕ. ಹೇಳದಿದ್ದರೆ, ನನ್ನ ಬಾಯಿಂದಲೇ ಅವನಿಗೆ ಶಿಕ್ಷೆ. ಇದೆಲ್ಲ ಕ್ರೇಗನಿಗೋಸ್ಕರ ಯೋಚಿಸುತ್ತಿದ್ದೇನೆ ಅಂದುಕೊಳ್ಳುವುದೂ ಸುಳ್ಳು. ಹೇಳಿದರೆ ನಾನು ಬ್ಯಾರಿಸ್ಟರ್ ಆಗುವುದಿಲ್ಲ. ಅದೇ ಭಯ.

ಶುಕ್ರವಾರ, 14

ನಿನ್ನೆ ಬರೆಯಲಿಲ್ಲ.

ಹತ್ತೂವರೆಗೆ ಜ್ಯೂರಿ ತೀರ್ಪು ಯೋಚಿಸಲು ಹೋಯಿತು. ಎದ್ದು ಹೋಗುವಾಗ ಟೋಪಿಯವಳು ಕ್ರೇಗನನ್ನು ನೋಡಿದಳು. ತೀರ್ಮಾನ ಮಾಡಿಬಿಟ್ಟ ಮುಖ. ತಡೆಯಲಾಗಲಿಲ್ಲ. ಕಾರಿಡಾರಿನಲ್ಲೇ ಪಿಪ್ಪಾಗೆ ಹೇಳಿಬಿಟ್ಟೆ.

ಬೈಯಲಿಲ್ಲ. ಕೈಯಲ್ಲಿದ್ದ ಕಾಫಿಯನ್ನು ಕಿಟಕಿ ಕಟ್ಟೆಯ ಮೇಲಿಟ್ಟರು.

“ಯಾವತ್ತು?”

“ಸೋಮವಾರ.”

“ಇವತ್ತು ಶುಕ್ರವಾರ, ಹೆಟ್ಟಿ.”

ಅಷ್ಟೇ. ವಿಗ್ ಸರಿಮಾಡಿಕೊಂಡು ಜಡ್ಜ್ ಹತ್ತಿರ ಹೊರಟರು. ನಡೆದದ್ದನ್ನು ನಾನು ಬರೆದುಕೊಟ್ಟೆ. ಜಡ್ಜ್ ಟೋಪಿಯವಳನ್ನು ಒಬ್ಬಳನ್ನೇ ಕರೆದು ಕೇಳಿದರು. ಮಂಗಳವಾರವೇ, ಬಿಸ್ಕತ್ತು ತಿನ್ನುತ್ತಾ, ಉಳಿದ ಹನ್ನೊಂದು ಜನಕ್ಕೂ ಹೇಳಿದ್ದಳಂತೆ. ಎಲ್ಲರನ್ನೂ ಮನೆಗೆ ಕಳಿಸಿದರು. ಹೊಸ ವಿಚಾರಣೆ ಫೆಬ್ರವರಿಯಲ್ಲಿ. ಕ್ರೇಗನಿಗೆ ಜಾಮೀನು ಇಲ್ಲ.

ಮಂಗಳವಾರವೇ ಹೇಳಿದ್ದರೆ ಆ ವಾರದಲ್ಲೇ ಬೇರೆ ಜ್ಯೂರಿ ಕೂರಿಸಬಹುದಿತ್ತು, ಪಿಪ್ಪಾ ಹೇಳಿದರು. ಈಗ ಕೋರ್ಟು ಖಾಲಿ ಇಲ್ಲ. ಇನ್ನೂ ಎಂಟು ತಿಂಗಳು. ನಾನು ಬಾಯಿ ಬಿಟ್ಟದ್ದಕ್ಕಲ್ಲ, ಬಾಯಿ ಮುಚ್ಚಿಕೊಂಡಿದ್ದಕ್ಕೆ.

“ಕ್ರೇಗ್‌ಗೆ ನಾನು ಹೇಳ್ತೀನಿ. ನೀನು ಮನೆಗೆ ಹೋಗು,” ಅಂದರು. ಲಾಕಪ್ಪಿಗೆ ಇಳಿದು ಹೋದರು.

ಹೊರಗೆ ಮೆಟ್ಟಿಲ ಮೇಲೆ ಮೋ. ಯಾರೋ ಬಸ್ಸಿನಲ್ಲಿ ಆಡಿದ ಮಾತು ಜ್ಯೂರಿಗೆ ಕೇಳಿಸಿತು — ಕೋರ್ಟಿನಲ್ಲಿ ಅಷ್ಟೇ ಹೇಳಿದ್ದು. ನನ್ನ ಅಳು ಕಂಡು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. ಬೆನ್ನು ಸವರಿದರು.

“ಅಳಬೇಡ್ವೇ ಪುಟ್ಟಿ. ಯಾವನೋ ಬಾಯಿಬಡಕ ಬೊಗಳಿದ್ರೆ ನೀನೇನು ಮಾಡ್ತೀಯ? ಅವನ ನಾಲಿಗೆ ಸೇದಿಹೋಗ!”

“ನಾನೇ, ಮೋ,” ಅಂದೆ. “ಬಸ್ಸಲ್ಲಿ ಆ ಮಾತು ಆಡಿದ್ದು ನಾನೇ.”

ಸವರುತ್ತಿದ್ದ ಕೈ ನಿಂತಿತು. ತೆಗೆಯಲಿಲ್ಲ. ಸುಮ್ಮನೆ ಅಲ್ಲೇ ಇತ್ತು, ನನ್ನ ಬೆನ್ನ ಮೇಲೆ.